ಕೆಲಸ ಸಿಸ್ಟರ್‌ದು, ಸಹಿ ಯಾರದು?

ಹೋದ ಸಂಚಿಕೆಯಲ್ಲಿ ನರ್ಸಿಂಗ್ ಕೋರ್ಸುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನ ಸುತ್ತ ತಿರುಗುತ್ತಿವೆ: ಔಷಧ ಬರೆಯುವ, ಚಿಕಿತ್ಸೆ ನಿರ್ಧರಿಸುವ ಅಧಿಕಾರ ನರ್ಸುಗಳಿಗೆ ಎಷ್ಟು ಇರಬೇಕು? ಅದಕ್ಕೇ ಈ ಸಲ ಮಕ್ಕಳ ಜ್ವರ, ಮೊಣಕಾಲು ನೋವು ಎಲ್ಲ ಬದಿಗಿಟ್ಟು ಅವುಗಳಲ್ಲೇ ಐದನ್ನು ಎತ್ತಿಕೊಂಡಿದ್ದೇನೆ. ಅರ್ಧ ಆಯುಷ್ಯ ವಾರ್ಡಿನಲ್ಲಿ, ಇನ್ನರ್ಧ ನರ್ಸಿಂಗ್ ಪಾಠ ಹೇಳುತ್ತ ಕಳೆದವಳು ನಾನು. ಪಕ್ಷಪಾತ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಪ್ರಶ್ನೆ: ಬಿ.ಎಸ್‌ಸಿ. ನರ್ಸಿಂಗ್ ಮಾಡಿ, ನಾಲ್ಕು ವರ್ಷ ಐಸಿಯುನಲ್ಲಿ ದುಡಿದು, ಆಮೇಲೆ ಕ್ರಿಟಿಕಲ್ ಕೇರ್ ನರ್ಸ್ ಪ್ರ್ಯಾಕ್ಟಿಷನರ್ ಕೋರ್ಸ್ (ಐಸಿಯು ರೋಗಿಗಳ ಚಿಕಿತ್ಸೆಯಲ್ಲಿ ಹೆಚ್ಚಿನ ಹೊಣೆ ಹೊರಲು ನರ್ಸುಗಳನ್ನು ತಯಾರು ಮಾಡುವ ಓದು) ಮುಗಿಸಿದ್ದೇನೆ. ಈಗ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದೇನೆ. ಬ್ಯಾಡ್ಜಿನ ಮೇಲೆ ಇನ್ನೂ ‘ಸ್ಟಾಫ್ ನರ್ಸ್’ ಅಂತಲೇ ಇದೆ. ರಾತ್ರಿ ವೆಂಟಿಲೇಟರ್ ಸೆಟ್ಟಿಂಗ್ ಬದಲಿಸುವವಳು ನಾನು, ಬಿಪಿ ಬಿದ್ದರೆ ಅದನ್ನು ಎತ್ತುವ ಔಷಧ ನಾರ್‌ಅಡ್ರಿನಲಿನ್ ಏರಿಸುವವಳು ನಾನು. ಫೋನ್ ಮಾಡಿದರೆ ಡಾಕ್ಟ್ರು ‘ನಿಂಗ್ ಗೊತ್ತಲ್ಲಮ್ಮಾ, ಮಾಡು’ ಅಂತಾರೆ. ಅದೇ ನಾನು ಬೆಳಿಗ್ಗೆ ರೌಂಡ್ಸಿನಲ್ಲಿ ಒಂದು ಮಾತು ಆಡಿದರೆ ‘ನೀನೇನು ಡಾಕ್ಟರಾ?’ ಅಂತಾರೆ. ಎರಡು ವರ್ಷ ಸುಮ್ನೆ ಹಾಳು ಮಾಡಿಕೊಂಡೆನಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಾಳಾಗಿಲ್ಲ ತಂಗೀ. ಆದರೆ ಕೋರ್ಸ್ ಬಂತು, ಕುರ್ಚಿ ಬರಲಿಲ್ಲ. ಸಮಸ್ಯೆ ಇರುವುದು ಅಲ್ಲಿ.

ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಮ್ಮ ಎರಡು ವರ್ಷದ ರೆಸಿಡೆನ್ಸಿ ಕೋರ್ಸಿಗೆ ಪಠ್ಯ ಮಾಡಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ನರ್ಸ್ ಪ್ರ್ಯಾಕ್ಟಿಷನರ್ ಅನ್ನುವ ಹೆಸರು ಬಂತು. ಸರಿ, ಕಲಿತು ಹೊರಗೆ ಬಂದವರು ಎಲ್ಲಿ ಕೂಡಬೇಕು? ಸರ್ಕಾರಿ ನೇಮಕಾತಿ ಪ್ರಕಟಣೆ ಬಂದಾಗಲೆಲ್ಲ ನಾನು ಕನ್ನಡಕ ಹಾಕಿಕೊಂಡು ಓದುತ್ತೇನೆ. ಶುಶ್ರೂಷಾಧಿಕಾರಿ ಅಂತ ಕಾಣುತ್ತದೆ, ನರ್ಸ್ ಪ್ರ್ಯಾಕ್ಟಿಷನರ್ ಅಂತ ಒಂದು ಹುದ್ದೆ ನನ್ನ ಕಣ್ಣಿಗೆ ಬಿದ್ದಿಲ್ಲ. ಖಾಸಗಿಯವರಿಗಂತೂ ನೀವು ಸಿಕ್ಕಿದ್ದೇ ಲಾಟರಿ. ಸ್ಟಾಫ್ ನರ್ಸ್ ಪಗಾರದಲ್ಲಿ ಅರ್ಧ ರೆಸಿಡೆಂಟ್ ಡಾಕ್ಟರ್ ಸಿಕ್ಕಂತೆ.

ಇನ್ನು ಔಷಧದ ಮಾತು. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಅಂತ ಒಂದು ಪಟ್ಟಿ ಇದೆ. ನೀವು ಐಸಿಯುನಲ್ಲಿ ಮುಟ್ಟುವ ಔಷಧಗಳಲ್ಲಿ ಬಹುಪಾಲು ಅದರೊಳಗೇ ಬರುತ್ತವೆ. ಅವನ್ನು ರೆಜಿಸ್ಟರ್ಡ್ ಮೆಡಿಕಲ್ ಪ್ರ್ಯಾಕ್ಟಿಷನರ್ ಬರೆದರೆ ಮಾತ್ರ ಕೊಡಬೇಕು. ನೀವೂ ರೆಜಿಸ್ಟರ್ಡ್ ಹೌದು, ಆದರೆ ನಿಮ್ಮ ಹೆಸರು ಇರುವುದು ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಪುಸ್ತಕದಲ್ಲಿ. ಆ ಪುಸ್ತಕಕ್ಕೆ ಚೀಟಿ ಬರೆಯುವ ಹಕ್ಕಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. ಬಹಳ ಹಿಂದಿನದು, ಗದಗ ಕಡೆಯ ಒಂದು ತಾಲ್ಲೂಕು ಆಸ್ಪತ್ರೆ. ರಾತ್ರಿ ಎರಡರ ಸುಮಾರಿಗೆ ಹೆರಿಗೆಯಾದ ಹುಡುಗಿಗೆ ರಕ್ತ ನಿಲ್ಲುತ್ತಿಲ್ಲ. ಆಗ ಮೊಬೈಲ್ ಇರಲಿಲ್ಲ, ಲ್ಯಾಂಡ್‌ಲೈನ್ ಹೊಡೆದುಕೊಳ್ಳುತ್ತಿದೆ, ಡಾಕ್ಟ್ರು ಎತ್ತುತ್ತಿಲ್ಲ. ಆಯಾಗೆ ಹೊಟ್ಟೆ ತಿಕ್ಕುತ್ತಿರು ಅಂತ ಹೇಳಿ ಆಕ್ಸಿಟೋಸಿನ್ ನಾನೇ ಕೊಟ್ಟೆ. ರಕ್ತ ನಿಂತಿತು. ಬೆಳಿಗ್ಗೆ ಡಾಕ್ಟ್ರು ಬಂದು, ಚಹಾ ಕುಡಿದು, ಕೇಸ್ ಶೀಟ್ ಎಳೆದುಕೊಂಡು ‘2.10, ಆಕ್ಸಿಟೋಸಿನ್ ಆರ್ಡರ್ ಮಾಡಲಾಗಿದೆ’ ಅಂತ ಬರೆದು ಸಹಿ ಮಾಡಿದರು. ನನ್ನನ್ನು ಉಳಿಸುವುದಕ್ಕೇ ಬರೆದರು, ಒಳ್ಳೆಯ ಮನುಷ್ಯ. ಆದರೆ ಆ ಹುಡುಗಿ ಉಳಿಯದೇ ಹೋಗಿದ್ದರೆ ಆ ಸಾಲು ಬೀಳುತ್ತಿತ್ತಾ? ಅದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಹಾರುತ್ತದೆ.

ನೀನು ದಿನಾ ರಾತ್ರಿ ನಿಂತಿರುವುದು ಅದೇ ಜಾಗದಲ್ಲಿ. ಹಾಗಾಗಿ ‘ನನಗೆ ಡಾಕ್ಟರ ಅಧಿಕಾರ ಕೊಡಿ’ ಅಂತ ಜಗಳಕ್ಕೆ ಹೋಗಬೇಡ. ಕಾಗದ ಕೇಳು. ಮ್ಯಾಪ್ (ಸರಾಸರಿ ರಕ್ತದೊತ್ತಡ) 65ಕ್ಕಿಂತ ಕೆಳಗೆ ಬಂದರೆ ನಾರ್‌ಅಡ್ರಿನಲಿನ್ ಎಷ್ಟೆಷ್ಟು ಏರಿಸಬೇಕು, ಎಲ್ಲಿಗೆ ಮುಟ್ಟಿದರೆ ಡಾಕ್ಟರನ್ನು ಎಬ್ಬಿಸಲೇಬೇಕು ಅಂತ ಐಸಿಯು ಮುಖ್ಯಸ್ಥರು ಬರೆದು ಸಹಿ ಮಾಡಿದ ಪ್ರೋಟೋಕಾಲ್ ಇರಲಿ. ನಿಮ್ಮ ಕೋರ್ಸನ್ನು ಕಟ್ಟಿದ್ದೇ ಈ ರೀತಿ ಬರಹದಲ್ಲಿರುವ ಪ್ರೋಟೋಕಾಲ್ ನಂಬಿಕೊಂಡು. ಅದು ಬರುವವರೆಗೆ ಫೋನಿನಲ್ಲಿ ಹೇಳಿದ ಪ್ರತಿ ಆರ್ಡರನ್ನೂ ಅವರಿಗೇ ತಿರುಗಿ ಓದಿ ಹೇಳು, ಸಮಯ ಬರಿ, ಡಾಕ್ಟರ ಹೆಸರು ಬರಿ, ಪಕ್ಕದಲ್ಲಿರುವ ಸಿಸ್ಟರಿಗೂ ಕೇಳಿಸು, ಬೆಳಿಗ್ಗೆ ಸಹಿ ಬೀಳದೆ ಡ್ಯೂಟಿ ಬಿಟ್ಟು ಹೋಗಬೇಡ. ‘ನಿಂಗ್ ಗೊತ್ತಲ್ಲ, ಮಾಡು’ ಅನ್ನುವುದು ಆರ್ಡರ್ ಅಲ್ಲ. ‘ಎಷ್ಟು ಮಾಡಲಿ ಸರ್, ಹೇಳಿ, ಬರಕೊಳ್ತೀನಿ’ ಅನ್ನು. ಮೊದಲ ಎರಡು ಸಲ ಸಿಡುಕುತ್ತಾರೆ, ಮೂರನೇ ಸಲ ಹೇಳುತ್ತಾರೆ.

ಪ್ರಶ್ನೆ: ನಾನು ಬ್ಯಾಡಗಿ ಕಡೆಯ ಆರೋಗ್ಯ ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ). ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಂಗಸರು ಬರುತ್ತಾರೆ, ಬಿಪಿ ನೋಡಿದರೆ 170/100. ‘ಪಿಎಚ್‌ಸಿಗೆ ಹೋಗಿ ಡಾಕ್ಟರಿಗೆ ತೋರಿಸಿ’ ಅಂತೇನೆ. ‘ಗುಳಿಗಿ ನಿಮ್ ಕಪಾಟಿನ್ಯಾಗ ಐತಿ, ಕೊಡಾಕ ಏನ್ ಆಗೇತ್ರೀ?’ ಅಂತ ಕೇಳುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಯಾರೂ ಹೋಗುವುದಿಲ್ಲ. ನಾನು ಏನು ಮಾಡಲಿ?
– ಸಮುದಾಯ ಆರೋಗ್ಯ ಅಧಿಕಾರಿ, ಹಾವೇರಿ ಜಿಲ್ಲೆ

ಉತ್ತರ: ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿ ಈ ಕೇಂದ್ರಗಳನ್ನು ಮಾಡಿದ್ದು ಊರಲ್ಲೇ ಆರೈಕೆ ಸಿಗಲಿ ಅಂತಲೇ ಅಲ್ವಾ? 30 ದಾಟಿದವರಿಗೆಲ್ಲ ಬಿಪಿ, ಸಕ್ಕರೆ ನೋಡುವುದು ನಿಮ್ಮ ಕೆಲಸ. ಆದರೆ ಮೊದಲ ಗುಳಿಗೆ ಶುರು ಮಾಡಬೇಕಾದವರು ಮೆಡಿಕಲ್ ಆಫೀಸರ್. ಆಮೇಲೆ ತಿಂಗಳು ತಿಂಗಳು ಗುಳಿಗೆ ಕೊಡುವುದು, ಬಿಪಿ ಹತೋಟಿಗೆ ಬಂತಾ ನೋಡುವುದು ನಿಮ್ಮ ಪಾಲು. ಹಾಗಾಗಿ ಇಡೀ ವ್ಯವಸ್ಥೆ ಸಿಕ್ಕಿಕೊಳ್ಳುವುದು ಆ ಮೊದಲ ಭೇಟಿಯಲ್ಲಿ.

ಅದಕ್ಕೆ ಇ-ಸಂಜೀವಿನಿ ಇದೆ, ಕಾಲ್ ಮಾಡಿ ದೂರದಿಂದಲೇ ಡಾಕ್ಟರ ಸಲಹೆ ಪಡೆಯುವ ಸರ್ಕಾರಿ ವ್ಯವಸ್ಥೆ. ಬಹಳ ಕೇಂದ್ರಗಳಲ್ಲಿ ಅದನ್ನು ಟಾರ್ಗೆಟ್ ತುಂಬಿಸುವುದಕ್ಕೆ ಮಾತ್ರ ತೆರೆಯುತ್ತಾರೆ, ನೆಗಡಿಗೆ ಒಂದು ಕಾಲ್, ಮೈಕೈ ನೋವಿಗೆ ಒಂದು ಕಾಲ್. ನೀವು ಹಾಗೆ ಮಾಡಬೇಡಿ. ಆ ಹೆಂಗಸು ಎದುರಿಗೆ ಕೂತಿರುವಾಗಲೇ ಡಾಕ್ಟರಿಗೆ ಕಾಲ್ ಹಚ್ಚಿ, ಎರಡು ಸಲ ಅಳೆದ ಬಿಪಿ ಹೇಳಿ. ಅವರಿಗೆ ಸರಿ ಅನ್ನಿಸಿದರೆ ಚೀಟಿ ಅಲ್ಲಿಂದಲೇ ಬರುತ್ತದೆ, ಅದರ ಮೇಲೆ ನೀವು ಗುಳಿಗೆ ಕೊಡಬಹುದು. ಮಾರ್ಕೆಟ್ ಇಲ್ಲದ ದಿನ ಯಾವುದು ಅಂತ ನಿಮಗೇ ಗೊತ್ತು, ಹೊಸಬರನ್ನೆಲ್ಲ ಅಂದೇ ಕರೆಯಿರಿ. ಎದೆನೋವು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಮಾತ್ರ ಕಾಲ್ ಗೀಲ್ ಅಂತ ಕೂಡಬೇಡಿ, 108 ಕರೆಸಿ ಕಳಿಸಿ.

ಒಂದು ಮಾತು ಜಾಸ್ತಿ ಹೇಳುತ್ತೇನೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ 32ನೇ ಕಲಂ ಇದೆ. ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಲೈಸೆನ್ಸ್ ಕೊಡಬಹುದು, ಅವರು ಪ್ರಾಥಮಿಕ ಚಿಕಿತ್ಸೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಸ್ವಂತವಾಗಿ ಬರೆಯಬಹುದು ಅಂತ ಅದರಲ್ಲಿದೆ. ಅದರ ವಿರುದ್ಧವೇ ಆ ವರ್ಷ ಜುಲೈ 31ರಂದು ಭಾರತೀಯ ವೈದ್ಯಕೀಯ ಸಂಘ ದೇಶದಾದ್ಯಂತ ಮುಷ್ಕರ ಮಾಡಿದ್ದು. ‘ನಮ್ಮ ಕೈಗೆ ಪವರ್ ಬಂದಿದೆ’ ಅಂತ ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದನ್ನು ನಂಬಿ ಬರೆಯಲು ಹೋಗಬೇಡಿ. ಕಾನೂನಿನಲ್ಲಿ ಕಲಂ ಇರುವುದು ಬೇರೆ, ನಿಮ್ಮ ಹೆಸರಿಗೆ ಲೈಸೆನ್ಸ್ ಬರುವುದು ಬೇರೆ.

ಪ್ರಶ್ನೆ: ನನ್ನ ಮಗಳು ಟೆಕ್ಸಸ್‌ನಲ್ಲಿ ನರ್ಸ್ ಪ್ರ್ಯಾಕ್ಟಿಷನರ್. ತಾನೇ ರೋಗಿ ನೋಡುತ್ತಾಳೆ, ತಾನೇ ಔಷಧ ಬರೆಯುತ್ತಾಳೆ. ಆದರೂ ಯಾರೋ ಡಾಕ್ಟರ್ ಜೊತೆ ಕರಾರು ಮಾಡಿಕೊಂಡು ಅವರಿಗೆ ದುಡ್ಡು ಕೊಡಬೇಕಂತೆ. ಅಮೆರಿಕದಲ್ಲೂ ಹೀಗಾ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಹೌದು ಸರ್, ಅಲ್ಲೂ ಹೀಗೇ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ನಿಮ್ಮ ಮಗಳಂಥವರು ಯಾರ ಕರಾರೂ ಇಲ್ಲದೆ ಕೆಲಸ ಮಾಡಬಹುದು. ಟೆಕ್ಸಸ್‌ನಲ್ಲಿ ಔಷಧ ಬರೆಯಬೇಕಾದರೆ ಡಾಕ್ಟರ್ ಜೊತೆ ಬರವಣಿಗೆಯ ಒಪ್ಪಂದ ಬೇಕು. ಪಕ್ಕದ ನ್ಯೂ ಮೆಕ್ಸಿಕೊದಲ್ಲಿ ಬೇಡ. ಅಂದರೆ ರಾಣೆಬೆನ್ನೂರಿನಲ್ಲಿ ಬರೆಯುತ್ತಿದ್ದ ಚೀಟಿಯನ್ನು ತುಂಗಭದ್ರೆ ದಾಟಿ ಹರಿಹರಕ್ಕೆ ಹೋದ ಕೂಡಲೇ ಬರೆಯುವಂತಿಲ್ಲ ಅಂದ ಹಾಗೆ. ಹೊಳೆ ದಾಟಿದ್ದಕ್ಕೆ ಅವಳ ಓದು ಕಡಿಮೆ ಆಯಿತಾ?

ಈ ಕೋರ್ಸ್ ಹುಟ್ಟಿದ್ದೇ ಅಲ್ಲಿ, 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್, ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರ್ ಇಬ್ಬರೂ ಸೇರಿ ಶುರು ಮಾಡಿದರು. ಇದು ನನಗೆ ಬಹಳ ಇಷ್ಟವಾದ ಸಂಗತಿ, ಡಾಕ್ಟರೂ ನರ್ಸೂ ಕೂಡಿಯೇ ಕಟ್ಟಿದ್ದು. ಅರವತ್ತು ವರ್ಷ ಆದಮೇಲೂ ಸಣ್ಣ ಸಣ್ಣ ಗಂಟು ಉಳಿದಿವೆ. ವಯಸ್ಸಾದವರಿಗೆ ಮನೆಯಲ್ಲೇ ನರ್ಸಿಂಗ್ ಸೇವೆ ಬೇಕು ಅಂತ ಬರೆದುಕೊಡುವ ಹಕ್ಕು ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್‌ನಡಿ ಅವರಿಗೆ ಸಿಕ್ಕಿದ್ದು 2020ರಲ್ಲಿ, ಕೋವಿಡ್ ಬಂದಮೇಲೆ. ಸಕ್ಕರೆ ಕಾಯಿಲೆಯವರ ಕಾಲಿಗೆ ವಿಶೇಷ ಬೂಟು ಬರುತ್ತದೆ ನೋಡಿ, ಅದನ್ನು ಅದೇ ವಿಮೆಯಲ್ಲಿ ಪಡೆಯಬೇಕಾದರೆ ಡಾಕ್ಟರ ಪ್ರಮಾಣಪತ್ರವೇ ಬೇಕು ಅಂತ ಕಾನೂನು ಹೇಳುತ್ತದೆ. ಇನ್ಸುಲಿನ್ ಬರೆಯುವ ಕೈ ಬೂಟಿಗೆ ಸಾಲುವುದಿಲ್ಲ! ಮಗಳಿಗೆ ಕೇಳಿ, ಅವಳ ಹತ್ತಿರ ಇಂಥವು ಇನ್ನೂ ಹತ್ತು ಇರುತ್ತವೆ.

ಪ್ರಶ್ನೆ: ನಾನು ಎಂಬಿಬಿಎಸ್ ವೈದ್ಯ. ನಿಮ್ಮ ಬರಹ ಓದಿ ಬೇಜಾರಾಯಿತು. ಐದೂವರೆ ವರ್ಷ ಓದಿದ ನಮಗೇ ಎಷ್ಟೋ ಸಲ ರೋಗ ಹಿಡಿಯುವುದು ಕಷ್ಟ. ನರ್ಸುಗಳಿಗೆ ಪೆನ್ನು ಕೊಟ್ಟರೆ ಹಳ್ಳಿಯಲ್ಲಿರುವ ನಕಲಿ ಡಾಕ್ಟರುಗಳ ಸಾಲಿಗೆ ಇನ್ನಷ್ಟು ಜನ ಸೇರುವುದಿಲ್ಲವೇ?
– ವೈದ್ಯರು, ಗದಗ

ಉತ್ತರ: ಡಾಕ್ಟ್ರೇ, ಮೊದಲ ಮಾತು ಒಪ್ಪಿದೆ. ಗೊತ್ತಿಲ್ಲದ ರೋಗ ಹಿಡಿಯುವುದು ನಿಮ್ಮ ವಿದ್ಯೆ, ಅದರಲ್ಲಿ ವಾದ ಇಲ್ಲ. ಎರಡನೆಯದನ್ನು ಒಪ್ಪುವುದಿಲ್ಲ. ನಕಲಿ ಡಾಕ್ಟರಿಗೆ ಓದೂ ಇಲ್ಲ, ರೆಜಿಸ್ಟರೂ ಇಲ್ಲ, ಕೇಳುವವರೂ ಇಲ್ಲ. ಸಿಸ್ಟರಿಗೆ ಮೂರೂ ಇವೆ. ನಿಮ್ಮೂರಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿ ‘ಥಟ್ಟನೆ ಗುಣ’ ಅನ್ನುವವನು ಇದ್ದಾನಲ್ಲ, ಅವನು ಹುಟ್ಟಿಕೊಂಡಿದ್ದೇ ನೀವೂ ಇಲ್ಲದ, ಸಿಸ್ಟರಿಗೂ ಕೈ ಕಟ್ಟಿದ ಜಾಗದಲ್ಲಿ.

ಮತ್ತೆ, ಪೆನ್ನು ಆಗಲೇ ಸ್ವಲ್ಪ ಸ್ವಲ್ಪ ಕೊಟ್ಟಾಗಿದೆ ಡಾಕ್ಟ್ರೇ. ಬಸುರಿಗೆ ಫಿಟ್ಸ್ ಬಂದರೆ ಹೆರಿಗೆ ತರಬೇತಿ ಆದ ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಮೆಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಇದೆ. ಅಂದು ರಾತ್ರಿ ನಾನು ಹೆದರಿಕೊಂಡು ಕೊಟ್ಟ ಆಕ್ಸಿಟೋಸಿನ್ ಕೂಡ ಈಗ ಆ ಮಾರ್ಗಸೂಚಿಯ ಪಟ್ಟಿಯಲ್ಲಿದೆ. ಆಕಾಶ ಕಳಚಿ ಬೀಳಲಿಲ್ಲ. ಇಂತಿಷ್ಟೇ ಔಷಧ, ಇಂತಿಷ್ಟೇ ಡೋಸ್, ಆಮೇಲೆ ನಿಮ್ಮ ಹತ್ತಿರ. ನಾನು ಕೇಳುತ್ತಿರುವುದು ಈ ಪಟ್ಟಿಯನ್ನು ಬಿಪಿಗೆ, ಸಕ್ಕರೆಗೆ, ಐಸಿಯುಗೆ ಎಳೆಯಿರಿ ಅಂತ.

2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಒಂದು ಅಧ್ಯಯನ ಬಂತು. ನ್ಯೂಯಾರ್ಕ್‌ನ 1,316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರನ್ನು ಡಾಕ್ಟರ ಹತ್ತಿರ, ಕೆಲವರನ್ನು ನರ್ಸ್ ಪ್ರ್ಯಾಕ್ಟಿಷನರ್ ಹತ್ತಿರ ಕಳಿಸಿದರು. ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಕಡೆ ಆರೋಗ್ಯ ಹೆಚ್ಚುಕಡಿಮೆ ಒಂದೇ. ಅದು ಪ್ರಾಥಮಿಕ ಚಿಕಿತ್ಸೆಯ ಮಾತು, ಐಸಿಯುದಲ್ಲ, ಮತ್ತು ಆ ನರ್ಸುಗಳ ತರಬೇತಿ ನಮ್ಮವರದಕ್ಕಿಂತ ಬೇರೆ. ಅದನ್ನು ನೀವು ಎತ್ತುವ ಮೊದಲೇ ನಾನು ಹೇಳಿಬಿಟ್ಟೆ. ಹಾಗಾದರೆ ತರಬೇತಿ ಗಟ್ಟಿ ಮಾಡಿ, ಪರೀಕ್ಷೆ ಇಡಿ ಅಂತ ಕೇಳಿ, ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆಯಲ್ಲ, ಇದನ್ನೆಲ್ಲ ಅಲ್ಲಿಗೇ ಬರೆಯೋಣ.

ಪ್ರಶ್ನೆ: ಎಂ.ಎಸ್‌ಸಿ. ನರ್ಸಿಂಗ್ ಆಗಿದೆ. ಊರಲ್ಲಿ ಸಣ್ಣದೊಂದು ಕ್ಲಿನಿಕ್ ತೆಗೆದು ಜ್ವರ, ಕೆಮ್ಮಿಗೆ ಔಷಧ ಕೊಡಬಹುದೇ?
– ಲಕ್ಷ್ಮೇಶ್ವರ

ಉತ್ತರ: ಬೇಡವೇ ಬೇಡ. ವೈದ್ಯರ ರೆಜಿಸ್ಟರಿನಲ್ಲಿ ಹೆಸರಿಲ್ಲದೆ ವೈದ್ಯ ವೃತ್ತಿ ಮಾಡಿದರೆ ಅದೇ 2019ರ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಡಾಕ್ಟರ ಚೀಟಿ ಇಟ್ಟುಕೊಂಡು ಮನೆಮನೆಗೆ ಹೋಗಿ ಡ್ರೆಸಿಂಗ್, ಇಂಜೆಕ್ಷನ್, ಹಾಸಿಗೆ ಹಿಡಿದವರ ಆರೈಕೆ ಮಾಡಿ. ಮಕ್ಕಳು ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಮನೆ ನಿಮ್ಮೂರಲ್ಲೂ ಓಣಿಗೆ ನಾಲ್ಕು ಇರುತ್ತವೆ. ಆ ಚೀಟಿಯ ಒಂದು ಜೆರಾಕ್ಸ್ ಮಾತ್ರ ನಿಮ್ಮ ಬ್ಯಾಗಿನಲ್ಲಿರಲಿ.