ಕಾರವಾರ–ಗೋಕರ್ಣ ಕಡೆ ಸಮುದ್ರದ ಪಕ್ಕ ಟೆಂಟ್ ಎಲ್ಲಿ ಹಾಕಬೇಕು?

ನೀವು ಕೇಳಿದ್ದು ಇಷ್ಟು: ಡಿಸೆಂಬರ್ ರಜೆಯಲ್ಲಿ ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳ ಜೊತೆ ಹುಬ್ಬಳ್ಳಿಯಿಂದ ಬರುತ್ತಿದ್ದೀರಿ. ಸ್ವಂತ ಟೆಂಟ್ ಇದೆ. ಒಂದು ರಾತ್ರಿ ಸಮುದ್ರದ ಪಕ್ಕ ಮಲಗಬೇಕು. ಅದಕ್ಕೆ ಸರ್ಕಾರದ ಜಾಗ ಇದೆಯಾ, ಇಲ್ಲದಿದ್ದರೆ ಬೀಚ್ ಮೇಲೇ ಹಾಕಬಹುದಾ?

ನಾನು ಕಾರವಾರದವನು. ಪ್ರತಿ ಚಳಿಗಾಲ ಅಕ್ಕನ ಮಕ್ಕಳನ್ನು ಕಟ್ಟಿಕೊಂಡು ಎರಡು ಮೂರು ರಾತ್ರಿಯಾದರೂ ಹೀಗೆ ಹೊರಗೆ ಮಲಗುತ್ತೇನೆ. ಖಂಡಿತ ಬನ್ನಿ, ಮಕ್ಕಳಿಗೆ ಇದನ್ನು ತೋರಿಸಲೇಬೇಕು. ಆದರೆ ಟೆಂಟ್ ಮರಳ ಮೇಲೆ ಬೇಡ. ಗಾಳಿಮರದ (ಸರ್ವೆ ಮರದ) ಸಾಲಿನ ಹಿಂದೆ ಹಾಕಿ, ಅದೂ ಜಾಗದವರನ್ನು ಕೇಳಿ.

ದುಡ್ಡು ಕಟ್ಟಿ ಒಂದು ತುಂಡು ಜಾಗ ತೊಗೊಂಡು, ಪಕ್ಕದಲ್ಲೇ ನಲ್ಲಿ, ಶೌಚಾಲಯ ಇರುವಂಥ ಸರ್ಕಾರಿ ಕ್ಯಾಂಪಿಂಗ್ ಜಾಗ ನಮ್ಮ ಕಡಲ ತಡಿಯಲ್ಲಿ ನಾನು ಕಂಡಿಲ್ಲ. ದೇವಬಾಗದಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರದ್ದು ಇದೆ, ಆದರೆ ಅದು ರೆಸಾರ್ಟ್. ಹೊನ್ನಾವರದ ಕಾಸರಕೋಡು ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಅಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಎಲ್ಲ ಚೆನ್ನಾಗಿವೆ, ಹಗಲು ಮಕ್ಕಳನ್ನು ಕರೆದುಕೊಂಡು ಹೋಗಿ. ರಾತ್ರಿ ಟೆಂಟ್‌ಗೆ ಅದು ಜಾಗ ಅಲ್ಲ, ಮನಸ್ಸಿಗೆ ಬಂದಲ್ಲಿ ಟೆಂಟ್ ಹಾಕುವುದನ್ನು ತಡೆಯಬೇಕು ಅನ್ನುವುದೇ ಬ್ಲೂ ಫ್ಲ್ಯಾಗ್ ನಿಯಮಗಳಲ್ಲಿ ಒಂದು. ಬಿಣಗಾ, ಅರಗಾ ಕಡೆ ನೌಕಾನೆಲೆ ಇದೆ, ಆ ಕಡೆ ಯೋಚನೆಯೇ ಬೇಡ. ಗೋಕರ್ಣದ ಪ್ಯಾರಡೈಸ್ ಬೀಚ್ ಫೋಟೋ ನೋಡಿ ಆಸೆಪಟ್ಟಿದ್ದರೆ ಒಂದು ಮಾತು. ಅಲ್ಲಿಗೆ ವಾಹನ ಹೋಗುವುದಿಲ್ಲ. ನಡಿಗೆ ಇಲ್ಲವೇ ದೋಣಿ. ರಾತ್ರಿ ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀರಿ? ಗೋಕರ್ಣ, ಕುಮಟಾ ಸುತ್ತ ಗಾಳಿಮರದ ತೋಪು, ತೆಂಗಿನ ತೋಟದೊಳಗೆ ಟೆಂಟ್‌ಗೆ ಜಾಗ ಕೊಡುವವರಿದ್ದಾರೆ, ಹೋಂಸ್ಟೇಯವರೂ ಅಂಗಳ ಕೊಡುತ್ತಾರೆ. ಶೌಚಾಲಯ ಇದೆಯಾ, ರಾತ್ರಿ ಮನೆಯವರು ಅಲ್ಲೇ ಇರುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ಮರಳ ಮೇಲೆ ಯಾಕೆ ಬೇಡ ಅಂತ ಹೇಳುತ್ತೇನೆ.

ಕಾಲೇಜು ಮುಗಿದ ವರ್ಷ ನಾವು ಮೂವರು ಗೆಳೆಯರು ಅಂಕೋಲಾ ಕಡೆ ಒಂದು ಬೀಚಿಗೆ ಹೋಗಿದ್ದೆವು. ಸಂಜೆ ಐದು ಗಂಟೆ. ಎದುರಿಗೆ ಅಗಲವಾದ ಮರಳು, ನೀರು ಎಲ್ಲೋ ದೂರ. ಟೆಂಟ್ ಬಿಚ್ಚುತ್ತಿದ್ದಾಗ ಬಲೆ ಸರಿಮಾಡುತ್ತಿದ್ದ ಒಬ್ಬ ಅಜ್ಜ ಬಂದು, "ತಮಾ, ಇವತ್ತು ಹುಣ್ಣಿಮೆ ಅಲ್ದಾ? ನೀರು ಇಲ್ಲೀವರೆಗೂ ಬತ್ತದೆ" ಎಂದರು. ನಾವು ಹತ್ತು ಹೆಜ್ಜೆ ಹಿಂದೆ ಸರಿದು ಸಾಕು ಅಂದುಕೊಂಡೆವು. ರಾತ್ರಿ ಹನ್ನೊಂದರ ಹೊತ್ತಿಗೆ ಬೆನ್ನು ತಣ್ಣಗಾಯಿತು. ಎದ್ದು ನೋಡಿದರೆ ಟೆಂಟ್ ಒಳಗೆ ನೀರು, ಒಂದು ಜೋಡಿ ಚಪ್ಪಲಿ ತೇಲಿಕೊಂಡು ಹೋಗಿತ್ತು.

ಇದರ ಲೆಕ್ಕ ಸುಲಭ. ಸಮುದ್ರದ ನೀರು ಏರಿ ಬರುವುದಕ್ಕೆ ಭರತ ಅನ್ನುತ್ತೇವೆ, ಇಳಿದು ಹೋಗುವುದಕ್ಕೆ ಇಳಿತ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ದಿನದಿಂದ ದಿನಕ್ಕೆ ಅದು ಮುಕ್ಕಾಲು, ಒಂದು ಗಂಟೆ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ದೊಡ್ಡದು. ನಮ್ಮ ಕಡೆ ಆ ದಿನಗಳಲ್ಲಿ ಅದು ರಾತ್ರಿ ಹನ್ನೊಂದರ ಆಸುಪಾಸಿಗೆ ಬರುತ್ತದೆ. ಅಂದರೆ ಸಂಜೆ ಐದಕ್ಕೆ ಪೂರ್ತಿ ಇಳಿತ. ಸೂರ್ಯಾಸ್ತ ನೋಡಲು ಜನ ಬಂದಿಳಿಯುವ ಹೊತ್ತಿಗೇ ಬೀಚ್ ಅತಿ ಅಗಲವಾಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. ಸಪ್ತಮಿ, ಅಷ್ಟಮಿ ಸುತ್ತ ಏರಿಳಿತ ಕಡಿಮೆ. ತಾರೀಕು ಗೊತ್ತುಮಾಡುವ ಮುಂಚೆ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿಕೊಳ್ಳಿ.

ಮರುದಿನ ಬೆಳಿಗ್ಗೆ ಅದೇ ಅಜ್ಜ ನಮಗೆ ಗುರುತು ತೋರಿಸಿಕೊಟ್ಟರು. ಮರಳ ಮೇಲೆ ಕಸದ ಒಂದು ಗೆರೆ ಇರುತ್ತದೆ: ಒಣ ಕಡ್ಡಿ, ಚಿಪ್ಪು, ಬಲೆಯ ಚೂರು, ಥರ್ಮೋಕೋಲ್ ತುಂಡು. ಹಿಂದಿನ ಭರತ ಬಂದು ನಿಂತದ್ದು ಅಲ್ಲಿ. ಅದರಿಂದ ಮೇಲಕ್ಕೆ ಹೋದರೆ ನೇರಳೆ ಹೂವಿನ ಅಡುಂಬು ಬಳ್ಳಿ ಹಬ್ಬಿರುತ್ತದೆ. ಎಲೆ ದನದ ಗೊರಸಿನ ಹಾಗೆ ಸೀಳಿಕೊಂಡಿರುತ್ತದೆ. ಮರಳನ್ನು ಹಿಡಿದಿಡುವುದೇ ಆ ಬಳ್ಳಿ, ಅದನ್ನು ತುಳಿಯಬೇಡಿ. ಅದನ್ನೂ ದಾಟಿ, ಗಾಳಿಮರದ ಹಿಂದೆ ಹೋದರೆ ನಿಮ್ಮ ಜಾಗ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಬೀಚ್‌ಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ನಾನು ಒಂದೇ ಸಲ ನೋಡಿದ್ದೇನೆ. ರಾತ್ರಿ ಒಂದು ಗಂಟೆ ಇರಬೇಕು. ಕಲ್ಲೊಂದು ನೀರಿನಿಂದ ಮೇಲೆ ಬಂದ ಹಾಗೆ ಕಂಡಿತು. ನಾಲ್ಕು ಹೆಜ್ಜೆ ತೆವಳುವುದು, ನಿಲ್ಲುವುದು, ಉಸ್ ಅಂತ ಉಸಿರು ಬಿಡುವುದು. ಆಮೇಲೆ ಹಿಂಗಾಲುಗಳಿಂದ ಗುಂಡಿ ತೋಡಿತು. ಒಂದು ಕಾಲು ಮರಳನ್ನು ಬೊಗಸೆಯಲ್ಲಿ ಎತ್ತಿದ ಹಾಗೆ ಎತ್ತಿ ಪಕ್ಕಕ್ಕೆ ಇಡುತ್ತಿತ್ತು, ಆಮೇಲೆ ಇನ್ನೊಂದು ಕಾಲಿನ ಸರದಿ. ಟೇಬಲ್ ಟೆನಿಸ್ ಚೆಂಡಿನಂಥ ಬಿಳಿ ಮೊಟ್ಟೆ, ನೂರರ ಆಸುಪಾಸು ಇಡುತ್ತದೆ. ಮುಚ್ಚಿ, ಮೈಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿ ವಾಪಸ್ ಹೋಯಿತು. ಬೆಳಿಗ್ಗೆ ನೋಡಿದರೆ ಟ್ರ್ಯಾಕ್ಟರ್ ಚಕ್ರ ಹೋದಂತೆ ಗುರುತು. ನಾವು ದೂರದಲ್ಲಿ ದೀಪ ಹಾಕದೆ ಕೂತಿದ್ದಕ್ಕೆ ಅದು ಬಂತು. ಬೆಳಕು, ಗಲಾಟೆ ಕಂಡರೆ ಮೊಟ್ಟೆ ಇಡದೆ ಹಿಂದಿರುಗಿ ಬಿಡುತ್ತದೆ. ಸುಮಾರು ಐವತ್ತು ದಿನಕ್ಕೆ ಮರಿಗಳು ಹೊರಬರುತ್ತವೆ, ಬೆಳಕು ಕಂಡ ಕಡೆ ಓಡುತ್ತವೆ. ಕತ್ತಲಲ್ಲಿ ಅವಕ್ಕೆ ಸಮುದ್ರವೇ ಬೆಳಕು. ನಿಮ್ಮ ಎಲ್‌ಇಡಿ ದೀಪ ಜಾಸ್ತಿ ಹೊಳೆದರೆ ಟೆಂಟ್ ಕಡೆ ಬಂದು ಸಾಯುತ್ತವೆ. ದಯವಿಟ್ಟು ರಾತ್ರಿ ಬೀಚ್ ಕಡೆ ದೀಪ ಉರಿಸಬೇಡಿ. ಎಲ್ಲಾದರೂ ಬಲೆ ಕಟ್ಟಿ ಬೇಲಿ ಹಾಕಿದ್ದರೆ ಅದು ಅರಣ್ಯ ಇಲಾಖೆಯವರು ಕಾಯುತ್ತಿರುವ ಮೊಟ್ಟೆ, ಅದರ ಹತ್ತಿರವೂ ಹೋಗಬೇಡಿ.

ಬೆಳಿಗ್ಗೆ ಆರಕ್ಕೆ ಬೇಲೆಗೆ, ಅಂದರೆ ಸಮುದ್ರದ ದಡಕ್ಕೆ, ರಂಪಣಿ ಎಂಬ ದೊಡ್ಡ ಬಲೆಯನ್ನು ದಡದಿಂದಲೇ ಎಳೆಯುವ ಮೀನುಗಾರರು ಬರುತ್ತಾರೆ. ಎರಡು ಸಾಲು ಜನ ಹಗ್ಗ ಹಿಡಿದು ಹಿಂದೆ ಹಿಂದೆ ಸರಿಯುತ್ತಾರೆ. ಅವರಿಗೆ ಇಡೀ ಮರಳು ಖಾಲಿ ಬೇಕು, ಅಡ್ಡ ಟೆಂಟ್ ಇದ್ದರೆ ಅನ್ನಕ್ಕೆ ಅಡ್ಡ ಬಂದ ಹಾಗೆ. ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ, ಕೇಳಿ ಹಗ್ಗಕ್ಕೆ ಕೈ ಹಾಕಿಸಿ. ಬಲೆ ದಡಕ್ಕೆ ಬಂದಾಗ ಬಂಗುಡೆ ಬೆಳ್ಳಿಯಂತೆ ಪಟಪಟ ಬಡಿದುಕೊಳ್ಳುವುದನ್ನು ನನ್ನ ಅಕ್ಕನ ಮಗಳು ಇವತ್ತಿಗೂ ಹೇಳುತ್ತಾಳೆ.

ತೆಂಗಿನ ತೋಟದಲ್ಲಿ ಜಾಗ ಸಿಕ್ಕರೂ ಮರದ ನೇರ ಕೆಳಗೆ ಟೆಂಟ್ ಬೇಡ. ಕಾಯಿ ಬೀಳುತ್ತದೆ, ಒಣ ಮಡಲು ಬಿದ್ದರೂ ತಲೆ ಒಡೆಯುತ್ತದೆ. ಸಡಿಲ ಮಣ್ಣಿನಲ್ಲಿ ಟೆಂಟ್ ಜೊತೆ ಬರುವ ತೆಳ್ಳಗಿನ ಗೂಟ ನಿಲ್ಲುವುದಿಲ್ಲ. ನಾಲ್ಕು ಖಾಲಿ ಸಿಮೆಂಟ್ ಚೀಲ ತನ್ನಿ, ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳದಲ್ಲಿ ಅಡ್ಡಲಾಗಿ ಹೂತು ಬಿಡಿ. ಅಲುಗಾಡುವುದಿಲ್ಲ. ಹಗಲು ಗಾಳಿ ಸಮುದ್ರದಿಂದ ಬೀಸುತ್ತದೆ, ರಾತ್ರಿ ಘಟ್ಟದ ಕಡೆಯಿಂದ. ಹಾಗಾಗಿ ಎರಡೂ ಕಡೆ ಕಟ್ಟಿ. ಇಬ್ಬನಿ ಜಾಸ್ತಿ, ಬೆಳಿಗ್ಗೆ ಟೆಂಟ್ ಮಳೆ ಬಂದ ಹಾಗೆ ತೊಯ್ದಿರುತ್ತದೆ. ಮಕ್ಕಳಿಗೆ ಟೋಪಿ, ಒಂದು ಜೊತೆ ಒಣ ಬಟ್ಟೆ ಇರಲಿ. ಕ್ಯಾಂಪ್ ಫೈರ್ ಆಸೆ ಬಿಡಿ. ಗಾಳಿಮರದ ಒಣ ಎಲೆ ಕೆಳಗೆ ಹಾಸಿಗೆ ಥರ ಬಿದ್ದಿರುತ್ತದೆ, ಒಂದು ಕಿಡಿ ಸಾಕು. ಊಟ ಜಾಗದವರ ಮನೆಯಲ್ಲೇ ಹೇಳಿ, ಕುಡಿಯುವ ನೀರು ಕ್ಯಾನಲ್ಲಿ ತನ್ನಿ. ಕಡಲ ಹತ್ತಿರದ ಕೆಲವು ಬಾವಿ ನೀರು ಉಪ್ಪು.

ಕತ್ತಲಾದ ಮೇಲೆ ಯಾರೂ ನೀರಿಗೆ ಇಳಿಯಬಾರದು, ಮೊಣಕಾಲಿನ ತನಕವೂ ಬೇಡ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದರು. ಮಳೆಗಾಲ ಮುಗಿದು ಕಡಲು ಶಾಂತ ಅನ್ನುವ ತಿಂಗಳು ಅದು. ಹಗಲಲ್ಲೂ ಲೈಫ್‌ಗಾರ್ಡ್ ಇರುವ ಕಡೆ ಮಾತ್ರ, ಮಕ್ಕಳ ಕೈ ಹಿಡಿದು.

ಹೊರಡುವ ಮುಂಚೆ ಮಕ್ಕಳು ಮರಳಲ್ಲಿ ತೋಡಿದ ಗುಂಡಿಗಳನ್ನು ಅವರ ಕೈಯಲ್ಲೇ ಮುಚ್ಚಿಸಿ. ಆಮೆ ಮರಿ ಬಿದ್ದರೆ ಹತ್ತಿ ಬರಲು ಆಗುವುದಿಲ್ಲ. ಯಾವ ತಾರೀಕಿಗೆ ಬರುತ್ತೀರಿ ಅಂತ ಬರೆಯಿರಿ, ಆ ದಿನದ ಭರತದ ಹೊತ್ತು ನೋಡಿ ತಿಳಿಸುತ್ತೇನೆ.