ಡ್ರ್ಯಾಗ್ ಬೈಕ್‌ಗೆ ಟೈಟಾನಿಯಂ ವಾಲ್ವಾ, ಗಟ್ಟಿ ಸ್ಪ್ರಿಂಗಾ?

ನಿಮ್ಮದು 200 ಸಿಸಿ ನಾಲ್ಕು ಸ್ಟ್ರೋಕ್ ಬೈಕ್. 402 ಮೀಟರ್ ಡ್ರ್ಯಾಗ್‌ಗೆ (ನೇರ ದಾರಿಯ ರೇಸ್) ಅಂತ ಕ್ಯಾಮ್, ಅಂದರೆ ವಾಲ್ವ್ ತಳ್ಳಿ ತೆರೆಯುವ ಉಬ್ಬಿನ ದಂಡ, ಬದಲಾಯಿಸಿದ್ದೀರಿ. 10,000 ಆರ್‌ಪಿಎಂ ಹತ್ತಿರ ಎಳೆತ ಸತ್ತು, ಇಂಜಿನ್ ಹೆಡ್‌ನಲ್ಲಿ ಚಟಪಟ ಶಬ್ದ. ಟೈಟಾನಿಯಂ ವಾಲ್ವ್ ಹಾಕಲಾ, ಸ್ಪ್ರಿಂಗ್ ಗಟ್ಟಿ ಮಾಡಲಾ ಅಂತ ಕೇಳಿದ್ದೀರಿ, ಅಲ್ವಾ?

ಸದ್ಯಕ್ಕೆ ಎರಡೂ ಬೇಡ. ಮೊದಲು ಈಗಿರುವ ಸ್ಪ್ರಿಂಗ್ ಅಳೆಯಿರಿ.

ಆ ವೇಗದಲ್ಲಿ ಕ್ಯಾಮ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತದೆ. ಒಂದೊಂದು ವಾಲ್ವೂ ಸೆಕೆಂಡಿಗೆ ಸುಮಾರು 83 ಸಲ ತೆರೆದು ಮುಚ್ಚಬೇಕು. ತಳ್ಳೋದಕ್ಕೆ ಕ್ಯಾಮ್ ಇದೆ, ವಾಪಸ್ ತರೋದಕ್ಕೆ ಸ್ಪ್ರಿಂಗ್ ಬಿಟ್ಟರೆ ಯಾರೂ ಇಲ್ಲ. ಅದು ಸೋತರೆ ವಾಲ್ವ್ ಕ್ಯಾಮ್‌ನ ಹಿಡಿತ ತಪ್ಪಿ ತೇಲುತ್ತದೆ, ಸೀಟಿಗೆ (ಅದು ಕೂತು ಮುಚ್ಚುವ ಅಂಚು) ಬಡಿದು ಪುಟಿಯುತ್ತದೆ. ಇನ್ನೂ ಎಳೆದರೆ ಪಿಸ್ಟನ್‌ಗೇ ತಾಗುತ್ತದೆ. (ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಈ ಕಾಟವೇ ಇಲ್ಲ. ಎರಡು ಸ್ಟ್ರೋಕ್, ಗಾಳಿಯ ಎಳೆತಕ್ಕೆ ತಾನೇ ತೆರೆಯುವ ರೀಡ್ ವಾಲ್ವ್, ಮುಗೀತು.)

ಲೆಕ್ಕ ಸುಲಭ. ವಾಲ್ವ್ ಮುಚ್ಚಿದ್ದಾಗ ಒತ್ತಡ 18 ಕೆಜಿ, ಮಿಲಿಮೀಟರಿಗೆ 3 ಕೆಜಿ ಏರುತ್ತದೆ ಅಂದುಕೊಳ್ಳಿ. 9 ಮಿ.ಮೀ. ಲಿಫ್ಟ್‌ನಲ್ಲಿ, ಅಂದರೆ ವಾಲ್ವ್ ಅಷ್ಟು ತೆರೆದಾಗ, 45 ಕೆಜಿ. ಈಗ ಸೀಟ್ ಕಟಿಂಗ್ ಮಾಡಿಸಿದ್ದೀರಿ, ವಾಲ್ವ್ 1 ಮಿ.ಮೀ. ಒಳಗೆ ಕೂತಿದೆ ಅಂದರೆ ಸ್ಪ್ರಿಂಗ್ ಕೂರುವ ಎತ್ತರ ಅಷ್ಟೇ ಜಾಸ್ತಿಯಾಯಿತು, 3 ಕೆಜಿ ಹೋಯಿತು. ಹೊಸ ಸ್ಪ್ರಿಂಗ್ ಬೇಕಿಲ್ಲ, ಕೆಳಗೊಂದು ಶಿಮ್ (ತೆಳು ಬಿಲ್ಲೆ) ಸಾಕು. ಆದರೆ ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ಅಂಟಬಾರದು. ಒಟ್ಟು 1ರಿಂದ 1.5 ಮಿ.ಮೀ. ಜಾಗ ಉಳಿಯಲಿ.

ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ನಾನೂ ನಂಬಿದ್ದೆ. ಅಂಗಡಿಯಲ್ಲಿ ಸಿಕ್ಕಿದ್ದರಲ್ಲೇ ಗಟ್ಟಿಯಾದದ್ದನ್ನು ತಂದು ಸುಮ್ನೆ ಹಾಕಿದೆ. ನಾಲ್ಕನೇ ರನ್‌ಗೆ ಟಕಟಕ. ಕವರ್ ಬಿಚ್ಚಿದರೆ ಕ್ಯಾಮ್‌ನ ಮೂಗು ಸವೆದು ಚಪ್ಪಟೆ. ಆಯಿಲ್‌ನಲ್ಲಿ ಬೆಳ್ಳಿ ಪುಡಿ ಕಲಸಿದ ಹಾಗೆ ಹೊಳೆಯುತ್ತಿತ್ತು.

ಟೈಟಾನಿಯಂ ವಾಲ್ವ್ ಸ್ಟೀಲ್‌ಗಿಂತ ಸುಮಾರು ಶೇಕಡಾ 40ರಷ್ಟು ಹಗುರ, ನಿಜ. ಅಮೆರಿಕದ ಪ್ರೊ ಸ್ಟಾಕ್ ಡ್ರ್ಯಾಗ್ ರೇಸ್ ಕಾರುಗಳ 500 ಘನ ಇಂಚಿನ ವಿ8ಗಳಲ್ಲಿ ಅದು ಮಾಮೂಲಿ. ಅಲ್ಲಿ 2016ರಲ್ಲಿ 10,500 ಆರ್‌ಪಿಎಂ ಮಿತಿ ತಂದರು. ಅಂಥ ಭಾರಿ ಇಂಜಿನ್ ಅಷ್ಟು ತಿರುಗಬೇಕಾದರೆ ಹಗುರ ವಾಲ್ವ್ ಬೇಕೇ ಬೇಕು. ನಮ್ಮ ಪುಟ್ಟ ವಾಲ್ವ್‌ಗಳಿಗೆ ಆ ಖರ್ಚು ಯಾಕೆ? ಸೀಟನ್ನೂ ತಾಮ್ರ ಮಿಶ್ರಲೋಹಕ್ಕೆ ಬದಲಿಸಬೇಕು, ವಾಲ್ವ್ ಕಾಂಡದ ತುದಿ ಮೆತ್ತಗಿರುತ್ತದೆ ಅಂತ ಅದರ ಮೇಲೊಂದು ಗಟ್ಟಿ ಕ್ಯಾಪ್ ಕೂರಿಸಬೇಕು. ಎಕ್ಸಾಸ್ಟ್ ವಾಲ್ವ್‌ಗೆ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಸಾಕು. ತೂಕ ಇಳಿಸಲೇಬೇಕಾದರೆ ರಿಟೇನರ್ (ಸ್ಪ್ರಿಂಗನ್ನು ವಾಲ್ವ್‌ಗೆ ಹಿಡಿದಿಡುವ ಬಿಲ್ಲೆ) ಮಾತ್ರ ಟೈಟಾನಿಯಂ ಮಾಡಿ. ಇಲ್ಲವೇ ಮೇಲೆ ಸಪೂರವಾಗುವ ಜೇನುಗೂಡಿನ ಆಕಾರದ ಸ್ಪ್ರಿಂಗ್ ಹಾಕಿ, ಅದರ ರಿಟೇನರ್ ಚಿಕ್ಕದು.

ಹೊಸ ಸ್ಪ್ರಿಂಗ್ ಕೂರಿಸುವ ದಿನವೇ ಅದರ ಒತ್ತಡ ಬರೆದಿಡಿ. ಪ್ರತಿ ರೇಸ್ ಮೀಟ್ ಆದ ಮೇಲೆ ಮತ್ತೆ ಅಳೆಯಿರಿ, ಹತ್ತನೇ ಒಂದು ಭಾಗ ಇಳಿದಿದ್ದರೆ ಎಸೆಯಿರಿ. ಈಗಿನ ಸ್ಪ್ರಿಂಗ್ ಎತ್ತರ, ಕ್ಯಾಮ್ ಲಿಫ್ಟ್ ಅಳೆದು ಇಲ್ಲೇ ಹಾಕಿ. ಎಷ್ಟು ದಪ್ಪದ ಶಿಮ್ ಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.