ನೋವು ಇಳಿದಿದೆ, ಆಂಟಿ-ಸಿಸಿಪಿ ಇಳಿದಿಲ್ಲ. ರೋಗ ಒಳಗೇ ಇದೆಯಾ?

ನೀವು ಕೇಳಿರುವುದು ಇಷ್ಟು: ಎಂಟು ತಿಂಗಳಿಂದ ಕೀಲು ಊದಿಸುವ ಕಾಯಿಲೆಯಾದ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಕೀಲುನೋವು ಹೆಚ್ಚುಕಮ್ಮಿ ಹೋಗಿದೆ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ನಾರ್ಮಲ್. ಆದರೆ ಈ ಕಾಯಿಲೆ ಗುರುತಿಸಲು ಮಾಡಿಸುವ ರಕ್ತಪರೀಕ್ಷೆ ಆಂಟಿ-ಸಿಸಿಪಿ ಮೊದಲು 340 ಇದ್ದದ್ದು ಈಗಲೂ 310. ಹಾಗಾದರೆ ಔಷಧಿ ಕೆಲಸ ಮಾಡುತ್ತಿಲ್ಲವಾ? ಇಲ್ಲ, ನೋವಿಲ್ಲವಲ್ಲ ಅಂತ ಮಾತ್ರೆ ಬಿಟ್ಟುಬಿಡಬಹುದಾ?

ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಇದೇ ಕಾಯಿಲೆ ಕಟ್ಟಿಕೊಂಡು ಸಂಸಾರ ಮಾಡುತ್ತಿರುವವಳು. ನಿಮ್ಮ ಗಾಬರಿ ನಾನೂ ಪಟ್ಟಿದ್ದೇನೆ.

ಮೊದಲ ವರ್ಷ ನನಗೆ ಮೂರು ತಿಂಗಳಿಗೊಮ್ಮೆ ಆಂಟಿ-ಸಿಸಿಪಿ ಮಾಡಿಸುವ ಚಟ ಹತ್ತಿತ್ತು. ಡಾಕ್ಟರ್ ಬರೆದುಕೊಟ್ಟಿರಲಿಲ್ಲ. ಲ್ಯಾಬಿನವರ ಪ್ಯಾಕೇಜಿನಲ್ಲಿ ಇತ್ತು, ಮಾಡಿಸುತ್ತಿದ್ದೆ. ರಿಪೋರ್ಟ್ ಮೊಬೈಲಿಗೆ ಬಂದರೆ ಆ ದಪ್ಪಕ್ಷರದ ಸಂಖ್ಯೆ ನೋಡಿ ಅವತ್ತೆಲ್ಲ ಊಟ ಸೇರುತ್ತಿರಲಿಲ್ಲ. ಒಂದು ಸಲ ನಾಲ್ಕೂ ರಿಪೋರ್ಟ್ ಜೋಡಿಸಿಕೊಂಡು ಹೋಗಿ ಡಾಕ್ಟರ ಮುಂದಿಟ್ಟೆ. ಅವರು ಕಾಗದ ಪಕ್ಕಕ್ಕೆ ಸರಿಸಿ ನನ್ನ ಕೈ ಹಿಡಿದುಕೊಂಡರು. ಬೆರಳಿನ ಒಂದೊಂದು ಗೆಣ್ಣನ್ನೂ ಹೆಬ್ಬೆರಳಿನಿಂದ ಒತ್ತಿದರು, ತಮ್ಮ ಉಗುರು ಬೆಳ್ಳಗಾಗುವಷ್ಟು. ಆಮೇಲೆ ಮಣಿಕಟ್ಟು, ಮೊಣಕೈ, ಭುಜ, ಮಂಡಿ. "ಇಪ್ಪತ್ತೆಂಟು ಕೀಲು ನೋಡಿದೆ, ಒಂದರಲ್ಲೂ ಊತ ಇಲ್ಲ. ಇವತ್ತಿನ ರಿಪೋರ್ಟ್ ಇದು ಕಣಮ್ಮ. ನೀವು ತಂದಿರೋದು ಜಾತಕ" ಅಂದರು.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು. ನಮ್ಮ ಮೈಯ ಪ್ರೋಟೀನುಗಳಲ್ಲಿ ಅರ್ಜಿನಿನ್ ಅನ್ನುವ ಒಂದು ತುಣುಕು ಇರುತ್ತದೆ. ಕೆಲವೊಮ್ಮೆ ಅದು ಸಿಟ್ರುಲಿನ್ ಆಗಿ ಬದಲಾಗುತ್ತದೆ. ಎಲ್ಲರಲ್ಲೂ ಆಗುವಂಥದ್ದೇ. ನಮ್ಮಂಥವರ ಮೈ ಮಾತ್ರ ಆ ಬದಲಾದ ಪ್ರೋಟೀನನ್ನು ಹೊರಗಿನವನು ಅಂದುಕೊಂಡು ಅದರ ಮೇಲೆ ಆಂಟಿಬಾಡಿ ತಯಾರಿಸುತ್ತದೆ. ಆಂಟಿ-ಸಿಸಿಪಿ ಅಂದರೆ ಅದೇ. (ಸಿಟ್ರುಲಿನ್ ಅನ್ನುವ ಹೆಸರು ಬಂದದ್ದು ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದ. ಇದನ್ನು ಓದಿ ನಮ್ಮತ್ತೆ ಒಂದು ಬೇಸಿಗೆ ಪೂರ್ತಿ ನನಗೆ ಕಲ್ಲಂಗಡಿ ಮುಟ್ಟಗೊಡಲಿಲ್ಲ. ಸುಮ್ನೆ. ಹಣ್ಣು ತಿಂದರೆ ಇದು ಬರುವುದೂ ಇಲ್ಲ, ಜಾಸ್ತಿಯಾಗುವುದೂ ಇಲ್ಲ.)

ಈ ಆಂಟಿಬಾಡಿ ಕೀಲು ಊದುವುದಕ್ಕೆ ಎಷ್ಟೋ ಮುಂಚೆಯೇ ರಕ್ತದಲ್ಲಿ ಬಂದು ಕೂತಿರಬಹುದು. ನೆದರ್ಲೆಂಡ್ಸ್‌ನಲ್ಲಿ, ಮುಂದೆ ಈ ಕಾಯಿಲೆ ಬಂದವರು ಹಿಂದೆ ದಾನ ಮಾಡಿದ್ದ ರಕ್ತವನ್ನು ತೆಗೆದು ಪರೀಕ್ಷಿಸಿದ್ದರು. 2004ರಲ್ಲಿ ಅದು ಪ್ರಕಟವಾಯಿತು. ಹೆಚ್ಚುಕಮ್ಮಿ ಅರ್ಧ ಜನರಲ್ಲಿ ನೋವು ಶುರುವಾಗುವ ವರ್ಷಗಳ ಮುಂಚೆಯೇ ಆಂಟಿ-ಸಿಸಿಪಿ ಅಥವಾ ಈ ಕಾಯಿಲೆಯಲ್ಲಿ ನೋಡುವ ಇನ್ನೊಂದು ಆಂಟಿಬಾಡಿ ಆರ್‌ಎಫ್ ಸಿಕ್ಕಿತ್ತು. ಅಷ್ಟು ದಿನ ಆಂಟಿಬಾಡಿ ಇತ್ತು, ನೋವಿರಲಿಲ್ಲ. ಹಾಗೆಯೇ ಔಷಧಿಯಿಂದ ನೋವು, ಊತ ಹೋದಮೇಲೂ ಅದು ಉಳಿಯಬಹುದು. ಅದನ್ನು ತಯಾರಿಸುವ ಕೆಲವು ಜೀವಕೋಶಗಳು ಮೂಳೆಯ ಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಔಷಧಿ ಮೆಥೊಟ್ರೆಕ್ಸೇಟ್ ಊತವನ್ನು ಇಳಿಸುತ್ತದೆ, ಆದರೆ ಆ ಕೋಶಗಳನ್ನು ಕಿತ್ತುಹಾಕುವುದಿಲ್ಲ. ಚಿಕಿತ್ಸೆ ಹಿಡಿದಾಗ ಆರ್‌ಎಫ್ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಚೆನ್ನಾಗಿ ಇಳಿಯುತ್ತದೆ, ಆಂಟಿ-ಸಿಸಿಪಿ ಹಠಮಾರಿ. ಇನ್ನು 340ಕ್ಕೂ 310ಕ್ಕೂ ನಡುವಿನ ವ್ಯತ್ಯಾಸಕ್ಕೆ ಅರ್ಥ ಹುಡುಕಲು ಹೋಗಬೇಡಿ.

ಈ ಆಂಟಿಬಾಡಿಗೆ ಅಂಕ ಸಿಗುವುದು ಕಾಯಿಲೆ ಯಾವುದು ಅಂತ ಗುರುತಿಸುವಾಗ. 2010ರ ಮಾನದಂಡದಲ್ಲಿ 10ಕ್ಕೆ 6 ಬಂದರೆ ರುಮಟಾಯ್ಡ್ ಅನ್ನುತ್ತಾರೆ. ಆಂಟಿಬಾಡಿ ಜಾಸ್ತಿ ಇದ್ದರೆ ಅದಕ್ಕೇ 3 ಅಂಕ. ರೆಮಿಶನ್, ಅಂದರೆ ಕಾಯಿಲೆ ತಣ್ಣಗಾಗಿದೆಯಾ ಅಂತ ಅಳೆಯುವ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ನೋವಿರುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊತ ಇರುವ ಕೀಲೂ ಅಷ್ಟೇ. ಸಿಆರ್‌ಪಿ ಡೆಸಿಲೀಟರಿಗೆ 1 ಮಿಲಿಗ್ರಾಂ ಮೀರಬಾರದು. "ಕಾಯಿಲೆ ನಿಮಗೆ ಎಷ್ಟು ಕಾಟ ಕೊಡುತ್ತಿದೆ?" ಅಂದರೆ ನೀವು ಕೊಡುವ ಅಂಕ 10ಕ್ಕೆ 2ರ ಒಳಗಿರಬೇಕು. ನೀವು ಬರೆದದ್ದು ನೋಡಿದರೆ ಈ ಲೆಕ್ಕದ ಹತ್ತಿರ ಬಂದಿದ್ದೀರಿ.

ಹಾಗಂತ ಜಾತಕವನ್ನು ಹರಿದು ಬಿಸಾಕುವ ಹಾಗೂ ಇಲ್ಲ. ಆಂಟಿ-ಸಿಸಿಪಿ ಜಾಸ್ತಿ ಇದ್ದವರಲ್ಲಿ ಮೂಳೆ ಸವೆಯುವ ಭಯ ಹೆಚ್ಚು. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರಳುವ ಸಾಧ್ಯತೆಯೂ ಹೆಚ್ಚು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಾಲ್ಕನೇ ವರ್ಷ ಎಲ್ಲ ಚೆನ್ನಾಗಿತ್ತು, ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಎರಡು ತಿಂಗಳು ರಾಣಿ ಹಾಗಿದ್ದೆ. ಆಮೇಲೊಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಕೂತರೆ ರಂಗೋಲಿ ಪುಡಿ ಚಿಟಿಕೆಗೆ ಸಿಗುತ್ತಿಲ್ಲ! ಹೆಬ್ಬೆರಳೂ ತೋರುಬೆರಳೂ ಸೇರುತ್ತಲೇ ಇಲ್ಲ, ಪುಡಿ ಬೆರಳ ಸಂದಿಯಿಂದ ಜಾರಿ ನೆಲಕ್ಕೆ ರಾಶಿ ಬೀಳುತ್ತಿದೆ. ಮತ್ತೆ ಹತೋಟಿಗೆ ತರಲು ಏಳು ತಿಂಗಳು, ನಡುವೆ ಸ್ಟೀರಾಯ್ಡ್ ಬೇರೆ. ಡಾಕ್ಟರ್ ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆಯಾಯಿತು.

ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ನೀವಾಗಿಯೇ ಬಿಡಬೇಡಿ. ಮೊದಲು ಸ್ಟೀರಾಯ್ಡ್ ಬಿಡಿಸಿ, ಕಾಯಿಲೆ ಬಹಳ ದಿನ ತಣ್ಣಗೇ ಇದ್ದರೆ ಆಮೇಲೆ ಉಳಿದದ್ದರ ಪ್ರಮಾಣವನ್ನು ನಿಧಾನಕ್ಕೆ ಇಳಿಸುವ ಕ್ರಮ ಇದೆ. ಅದನ್ನು ಡಾಕ್ಟರ್ ಜೊತೆ ಕೂತು ಮಾತಾಡಿ. ಬೀಡಿ ಸಿಗರೇಟ್ ಇದ್ದರೆ ಅದನ್ನು ಮಾತ್ರ ಇವತ್ತೇ ಬಿಡಿ. ಹೊಗೆಗೂ ಈ ಆಂಟಿಬಾಡಿಗೂ ಹಳೇ ನಂಟು, ಸೇದುವವರಿಗೆ ಮೆಥೊಟ್ರೆಕ್ಸೇಟ್ ಕೂಡ ಅಷ್ಟಾಗಿ ಹಿಡಿಯುವುದಿಲ್ಲ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ನನಗೆ ಆಂಟಿ-ಸಿಸಿಪಿ, ಆರ್‌ಎಫ್ ಎರಡೂ ನೆಗೆಟಿವ್, ಆದರೂ ಈ ಕಾಯಿಲೆ ಅಂತಾರೆ, ಸುಳ್ಳಲ್ವಾ?" ಅಂತ ಕೇಳಿದ್ದಾರೆ. ಸುಳ್ಳಲ್ಲ, ಹಾಗೂ ಇರುತ್ತದೆ.

ಆಂಟಿ-ಸಿಸಿಪಿ ಪದೇ ಪದೇ ಮಾಡಿಸುವ ದುಡ್ಡು ಉಳಿಸಿ. ಬದಲಿಗೆ ಬೆಳಿಗ್ಗೆ ಎದ್ದಾಗ ಕೈ ಎಷ್ಟು ನಿಮಿಷ ಬಿಗಿಯಾಗಿರುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗೀಚಿಡಿ. ಮತ್ತೆ ಒಂದು ಮಾತು: ಆ ಇಪ್ಪತ್ತೆಂಟು ಕೀಲುಗಳಲ್ಲಿ ಪಾದದ್ದು ಒಂದೂ ಇಲ್ಲ. ಕಾಲ್ಬೆರಳ ಬುಡದಲ್ಲಿ ನೋವಿದ್ದರೆ ಡಾಕ್ಟರ್ ಕೇಳುವ ತನಕ ಕಾಯಬೇಡಿ, ಚಪ್ಪಲಿ ಬಿಚ್ಚಿ ನೀವೇ ತೋರಿಸಿ.